ಪಾರುಪತ್ಯಗಾರನ ಸಹಿ: ಥಿಯೋಡರ್ ರೂಸ್‌ವೆಲ್ಟ್ ಆಡಳಿತದ ಒಂದು ವಿಮರ್ಶೆ

ಅಮೆರಿಕದ 26ನೇ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ (ಆಡಳಿತ 1901–1909) ಅವರ ಕೀರ್ತಿ ಬಹುಮಟ್ಟಿಗೆ ಅವರು ಉಳಿಸಿದ ಕಾಡುಗಳ ಮೇಲೆ ನಿಂತಿದೆಯಾದರೂ, ಅವುಗಳನ್ನು ಉಳಿಸಲು ಅವರು ಅಧಿಕಾರವನ್ನು ಬಳಸಿದ ಬಗೆಯನ್ನು ಒರೆಗೆ ಹಚ್ಚದೆ ಆ ಆಡಳಿತದ ಬೆಲೆ ಕಟ್ಟಲಾಗದು. ಸಂವಿಧಾನವಾಗಲಿ ಕಾನೂನಾಗಲಿ ನಿಷೇಧಿಸದ ಯಾವ ಕೆಲಸವನ್ನಾದರೂ ಜನಹಿತಕ್ಕಾಗಿ ಅಧ್ಯಕ್ಷ ಮಾಡಬಹುದು, ಏಕೆಂದರೆ ಅವನು ಜನರ ಪರವಾಗಿ ಪಾರುಪತ್ಯ ನೋಡಿಕೊಳ್ಳುವವನು ಎಂಬ ವಾದವನ್ನು ಅವರು 1913ರ ಆತ್ಮಕಥೆಯಲ್ಲಿ ಮಂಡಿಸಿದ್ದಾರೆ.

ಈ ವಾದದ ಸೊಗಸೂ ಅಪಾಯವೂ 1907ರ ಪ್ರಸಂಗದಲ್ಲಿ ಒಟ್ಟಿಗೇ ಕಾಣುತ್ತವೆ. ಆ ವರ್ಷ ಒರೆಗಾನಿನ ಸೆನೆಟರ್ ಫುಲ್ಟನ್, ಪಶ್ಚಿಮದ ಆರು ರಾಜ್ಯಗಳಲ್ಲಿ ಹೊಸ ಅರಣ್ಯಗಳನ್ನು ಕಾಯ್ದಿರಿಸುವ ಹಕ್ಕನ್ನು ಅಧ್ಯಕ್ಷರಿಂದ ಕಿತ್ತುಕೊಳ್ಳುವ ತಿದ್ದುಪಡಿಯನ್ನು ಕೃಷಿ ಇಲಾಖೆಯ ಅನುದಾನದ ಮಸೂದೆಗೆ ಸೇರಿಸಿದರು. ಅನುದಾನವಿಲ್ಲದೆ ಇಲಾಖೆ ನಡೆಯುವಂತಿರಲಿಲ್ಲ, ಹೀಗಾಗಿ ಮಸೂದೆಯನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. ಅರಣ್ಯ ಮುಖ್ಯಸ್ಥ ಗಿಫರ್ಡ್ ಪಿಂಚೋ ಮತ್ತು ಅವರ ಸಿಬ್ಬಂದಿ ನಕಾಶೆಗಳನ್ನು ಹರಡಿಕೊಂಡು ಗಡಿಗಳನ್ನು ಗುರುತಿಸುತ್ತ ಹೋದಂತೆ, ಮಸೂದೆಗೆ ಅಂಕಿತ ಹಾಕುವ ಮೊದಲೇ ರೂಸ್‌ವೆಲ್ಟರು ಸುಮಾರು 1.6 ಕೋಟಿ ಎಕರೆಯನ್ನು ರಾಷ್ಟ್ರೀಯ ಅರಣ್ಯವೆಂದು ಸಾರಿಬಿಟ್ಟರು. ಕಾನೂನಿನ ಅಕ್ಷರ ಮುರಿಯಲಿಲ್ಲ, ಅದರ ಹಿಂದಿದ್ದ ಶಾಸನಸಭೆಯ ಇಚ್ಛೆ ಮಾತ್ರ ಮಣ್ಣುಪಾಲಾಯಿತು. ಮರದ ವ್ಯಾಪಾರಿಗಳ ಒತ್ತಡ ಬಲ್ಲವರು ಇದನ್ನು ಮೆಚ್ಚದಿರಲಾರರು. ಆದರೆ ಅದೇ ಚಾತುರ್ಯ ಬೇರೊಬ್ಬನ ಕೈಗೆ ಸಿಕ್ಕರೇನು ಎಂಬ ಪ್ರಶ್ನೆಗೆ ರೂಸ್‌ವೆಲ್ಟರ ಬಳಿ ಉತ್ತರವಿರಲಿಲ್ಲ.

ಇನ್ನು, ಪಾರುಪತ್ಯ ಯಾರ ಆಸ್ತಿಯದು ಎಂಬುದೂ ಇತ್ಯರ್ಥವಾಗಿರಲಿಲ್ಲ. 1908ರಲ್ಲಿ ಅವರ ಸಹಿಯಿಂದ ಜಾರಿಯಾದ ಶಾಸನದಂತೆ ಮೊಂಟಾನಾದಲ್ಲಿ ಕಾಡೆಮ್ಮೆಗಳಿಗಾಗಿ ಮೀಸಲಿಟ್ಟ ನೆಲ ಫ್ಲಾಟ್‌ಹೆಡ್ ಮೂಲನಿವಾಸಿಗಳದು. ಅಳಿವಿನಂಚಿನಲ್ಲಿದ್ದ ಆ ಪ್ರಾಣಿಯನ್ನು ಅದಕ್ಕೂ ಮೊದಲೇ ಸಾಕಿ ಬೆಳೆಸಿದವರಲ್ಲಿ ಅವರೂ ಇದ್ದರೆಂಬುದನ್ನು ಸಂರಕ್ಷಣೆಯ ಚರಿತ್ರೆ ಬಹುಕಾಲ ಮರೆತಿತ್ತು. ಒಪ್ಪಿಗೆಯಿಲ್ಲದೆ ಹೋದ ಆ ನೆಲ ಅವರಿಗೆ ಮರಳಲು 2020ರ ಶಾಸನವೇ ಬೇಕಾಯಿತು.

ಕಾಡಿನ ವಿಷಯದಲ್ಲಿ ದಿಟ್ಟತನವೆನಿಸಿದ್ದು ಮನುಷ್ಯರ ವಿಷಯದಲ್ಲಿ ದಬ್ಬಾಳಿಕೆಯಾದದ್ದು ಟೆಕ್ಸಾಸಿನ ಬ್ರೌನ್ಸ್‌ವಿಲ್‌ನಲ್ಲಿ. 1906ರ ಆಗಸ್ಟಿನ ಒಂದು ರಾತ್ರಿ ಅಲ್ಲಿ ನಡೆದ ಗುಂಡಿನ ದಾಳಿಯ ಹೊಣೆಯನ್ನು ಕಪ್ಪುವರ್ಣೀಯ ಸೈನಿಕರ ತಲೆಗೆ ಕಟ್ಟಲಾಯಿತು. ಯಾರೂ ತಪ್ಪೊಪ್ಪಿಕೊಳ್ಳದಿದ್ದಾಗ ವಿಚಾರಣಾ ನ್ಯಾಯಾಲಯವೇ ಇಲ್ಲದೆ 167 ಮಂದಿಯನ್ನು ಅಧ್ಯಕ್ಷರು ಸೇವೆಯಿಂದ ವಜಾ ಮಾಡಿದರು. ಈ ಆದೇಶ ಬಹಿರಂಗವಾದದ್ದು ಕಾಂಗ್ರೆಸ್ ಚುನಾವಣೆ ಮುಗಿದ ಮೇಲೆ ಎಂಬುದು ಕಾಕತಾಳೀಯವೆಂದು ನಂಬುವುದು ಕಷ್ಟ. 1972ರಲ್ಲಿ ಸೇನೆ ಅವರನ್ನು ದೋಷಮುಕ್ತಗೊಳಿಸುವ ವೇಳೆಗೆ ಬಹುತೇಕ ಎಲ್ಲರೂ ತೀರಿಕೊಂಡಿದ್ದರು.

ರೂಸ್‌ವೆಲ್ಟರೇ ಆರಿಸಿದ ಉತ್ತರಾಧಿಕಾರಿ ವಿಲಿಯಂ ಹೊವಾರ್ಡ್ ಟಾಫ್ಟ್, ಕಾನೂನು ಕೊಡದ ಅಧಿಕಾರ ಅಧ್ಯಕ್ಷನಿಗಿಲ್ಲ ಎಂದು 1916ರಲ್ಲಿ ಪಾರುಪತ್ಯದ ಈ ಸಿದ್ಧಾಂತವನ್ನು ಬರಹದಲ್ಲಿ ಖಂಡಿಸಿದರು. ಹಾಗಿದ್ದೂ, 1909ರಲ್ಲಿ ಶಾಸನದ ಸ್ಪಷ್ಟ ಅನುಮತಿಯಿಲ್ಲದೆಯೇ ಕ್ಯಾಲಿಫೋರ್ನಿಯಾ ಮತ್ತು ವಯೋಮಿಂಗ್‌ನ ತೈಲಭೂಮಿಯನ್ನು ಖಾಸಗಿಯವರಿಗೆ ಸಿಗದಂತೆ ತಡೆಹಿಡಿದವರೂ ಅವರೇ, ಮತ್ತು 1915ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು.