ಆರಿಸುವವರ ಬಗ್ಗೆ ಮಾತೇ ಇಲ್ಲ

2023ರ ಡಿಸೆಂಬರ್ 8ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತಂಡವು ಮುಂಬೈ ಸಿಟಿಗೆ 0–4ರಿಂದ ಸೋತಿತು. ಮರುದಿನ ಬೆಂಗಳೂರಿನ ಇಂಗ್ಲಿಷ್ ಕೋಚ್ ಸೈಮನ್ ಗ್ರೇಸನ್ ಹುದ್ದೆ ಬಿಟ್ಟರು. ವಿಶೇಷವೆಂದರೆ ಅಂದು ಗೆದ್ದ ಮುಂಬೈ ತಂಡಕ್ಕೂ ಕಾಯಂ ಕೋಚ್ ಇರಲಿಲ್ಲ. ಡೆಸ್ ಬಕಿಂಗ್‌ಹ್ಯಾಮ್ ಮೂರು ವಾರಗಳ ಹಿಂದಷ್ಟೇ ತಮ್ಮ ಹುಟ್ಟೂರಿನ ಆಕ್ಸ್‌ಫರ್ಡ್ ಯುನೈಟೆಡ್ ಕ್ಲಬ್ಬಿಗೆ ಹೊರಟುಹೋಗಿದ್ದರು. ಸಹಾಯಕರಾಗಿದ್ದ ಆಂಟನಿ ಫರ್ನಾಂಡಿಸ್ ಹಂಗಾಮಿಯಾಗಿ ತಂಡ ನೋಡಿಕೊಳ್ಳುತ್ತಿದ್ದರು. ಕೋಚ್ ಇದ್ದ ತಂಡ ನೆಲಕಚ್ಚಿತು, ಕೋಚ್ ಹುಡುಕಾಟದಲ್ಲಿದ್ದ ತಂಡ ನಾಲ್ಕು ಗೋಲು ಹೊಡೆಯಿತು. ಆ ಒಂದು ಪಂದ್ಯವನ್ನು ಸರಿಯಾಗಿ ಓದಿದ್ದರೆ, ಆಮೇಲೆ ಅಭಿಮಾನಿಗಳ ನಡುವೆ ನಡೆದ ವಾದ ಬೇರೆಯದೇ ದಾರಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ಆ ವಾದವನ್ನು ನಾನು ಕೇಳಿದ್ದು ನವಿ ಮುಂಬೈಯ ಮಹಾಪೆಯಲ್ಲಿ. ಠಾಣೆ–ಬೇಲಾಪುರ ರಸ್ತೆಯ ಈ ಕೈಗಾರಿಕಾ ಪಟ್ಟಿಯ ಕಂಪನಿಗಳಲ್ಲಿ ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಬೆಂಗಳೂರಿನ ಕಡೆಯ ಹುಡುಗರು ಬೇಕಾದಷ್ಟಿದ್ದಾರೆ. ಹೊಟ್ಟೆಪಾಡಿನ ಊರು ಮುಂಬೈ, ಮನಸ್ಸಿನ ತಂಡ ಬೆಂಗಳೂರು ಎನ್ನುವವರು ಕೆಲವರು. ಬಂದು ನೆಲೆಸಿದ ಊರಿನ ತಂಡವನ್ನೇ ತಮ್ಮದಾಗಿಸಿಕೊಂಡವರು ಕೆಲವರು. ಹೀಗಾಗಿ ಇಲ್ಲಿನ ಚಹಾ ಟಪರಿಗಳ ಮುಂದೆ ಎರಡೂ ಕ್ಲಬ್‌ಗಳ ಕೋಚ್ ಚರ್ಚೆ ಒಟ್ಟಿಗೇ ನಡೆಯುತ್ತದೆ. "ಹೆಸರಿದ್ದವರನ್ನ ತರಬೇಕ್ರೀ, ಇವರ್ಯಾರು ಗೊತ್ತೇ ಇಲ್ಲ" ಎಂದು ಧಾರವಾಡದ ಹುಡುಗನೊಬ್ಬ ಹೇಳಿದರೆ, "ಹೆಸರು ಕಟ್ಟಿಕೊಂಡು ಎಂಥ ಮಾಡುವುದು ಮಾರಾಯ್ರೇ, ಭಾರತದ ಲೀಗ್ ಗೊತ್ತಿರುವವರು ಬೇಕು" ಎಂದು ಕರಾವಳಿಯವರು ಉತ್ತರಿಸುತ್ತಾರೆ.

ಈ ಚರ್ಚೆಯನ್ನು ಹಗುರವಾಗಿ ಕಾಣುವವರ ಸಾಲಿಗೆ ನಾನು ಸೇರುವುದಿಲ್ಲ. ಇದರ ಹಿಂದೆ ದುಡಿಮೆ ಇದೆ. ಮುಂಬೈ ಸಿಟಿ ಮೊದಲೆರಡು ವರ್ಷ, 2014 ಮತ್ತು 2015ರಲ್ಲಿ, ನಮ್ಮ ಪಕ್ಕದ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಆಡುತ್ತಿತ್ತು. 2016ರಲ್ಲಿ ಅಂಧೇರಿಗೆ ಹೋಯಿತು. ಅಂದಿನಿಂದ ಮಹಾಪೆಯ ಅಭಿಮಾನಿ ಕೆಲಸ ಮುಗಿಸಿ ಘನ್ಸೋಲಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಬದಲಿಸಿ, ಘಾಟ್‌ಕೋಪರ್‌ನಲ್ಲಿ ಮೆಟ್ರೊ ಹಿಡಿದು ಆಜಾದ್ ನಗರದಲ್ಲಿ ಇಳಿಯಬೇಕು. ಮರಳುವಾಗ ಮಧ್ಯರಾತ್ರಿ. ಇಷ್ಟು ಮಾಡಿ ಪಂದ್ಯ ನೋಡುವವನಿಗೆ ತಂಡದ ಮುಂದಾಳತ್ವದ ಬಗ್ಗೆ ಮಾತಾಡುವ ಹಕ್ಕು ಪೂರ್ತಿ ಇದೆ. ನನ್ನ ತಕರಾರು ಅವರು ಮಾತಾಡುವುದರ ಬಗ್ಗೆ ಅಲ್ಲ. ಅಷ್ಟು ತಿಳಿವಳಿಕೆ ಇಟ್ಟುಕೊಂಡು ಇಷ್ಟು ಚಿಕ್ಕ ಪ್ರಶ್ನೆ ಕೇಳುತ್ತಾರಲ್ಲ ಎಂಬುದರ ಬಗ್ಗೆ.

ಹೆಸರಿನ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. 2015ರಲ್ಲಿ ಮುಂಬೈ ಸಿಟಿ ತನ್ನ ತಂಡವನ್ನು ನಿಕೊಲಸ್ ಅನೆಲ್ಕಾ ಕೈಗೆ ಕೊಟ್ಟಿತು. ಆರ್ಸೆನಲ್, ರಿಯಲ್ ಮ್ಯಾಡ್ರಿಡ್, ಚೆಲ್ಸಿಗಳಲ್ಲಿ ಆಡಿದವರು, ಯುರೋಪ್ ಗೆದ್ದ ಫ್ರಾನ್ಸ್ ತಂಡದವರು. ಅವರು ಆಟಗಾರನೂ ಹೌದು, ಕೋಚೂ ಹೌದು. ಆ ವರ್ಷ ಮುಂಬೈ ಪರ ಆಡಿದ ಸುನಿಲ್ ಛೆಟ್ರಿ ನೆರೂಳಿನಲ್ಲಿ ನಾರ್ತ್‌ಈಸ್ಟ್ ಎದುರು ಮೂರು ಗೋಲು ಹೊಡೆದು, ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಹ್ಯಾಟ್ರಿಕ್ ಸಾಧಿಸಿದ ಮೊದಲ ಭಾರತೀಯರಾದರು. ಅದೇ ತಂಡ ಮೂರೇ ವಾರಗಳಲ್ಲಿ ಗೋವಾ ಎದುರು 0–7ರಿಂದ ಸೋತಿತು. ದೊಡ್ಡ ಆಟಗಾರ, ಒಳ್ಳೆಯ ಗೋಲುಗಾರ ಇಬ್ಬರೂ ಇದ್ದರು. ಎದುರಾಳಿ ಚೆಂಡು ಕಸಿದಾಗ ಹತ್ತು ಜನ ಎಲ್ಲಿ ನಿಲ್ಲಬೇಕು ಎಂಬುದನ್ನು ದಿನವೂ ಕೂತು ಕಲಿಸುವವರು ಇರಲಿಲ್ಲ. ಆ ಏಳು ಗೋಲುಗಳ ನೆನಪಿರುವ ಅಭಿಮಾನಿಗಳೇ ಇಂದಿಗೂ ಹೊಸ ಕೋಚ್ ಎಂದಾಕ್ಷಣ ವಿಶ್ವಕಪ್ ಆಡಿದವರ ಪಟ್ಟಿ ತೆಗೆಯುತ್ತಾರೆ.

ಈ ಹೆಸರಿನ ಮೋಹ ಎಲ್ಲಿಗೆ ಮುಟ್ಟುತ್ತದೆ ಎಂಬುದು 2025ರ ಜುಲೈನಲ್ಲಿ ಇಡೀ ದೇಶಕ್ಕೆ ಕಂಡಿತು. ಮನೊಲೊ ಮಾರ್ಕೆಜ್ ಬಿಟ್ಟುಹೋದ ರಾಷ್ಟ್ರೀಯ ತಂಡದ ಕೋಚ್ ಹುದ್ದೆಗೆ 170 ಅರ್ಜಿಗಳು ಬಂದವು. ಅವುಗಳಲ್ಲಿ ಬಾರ್ಸಿಲೋನಾದ ಶಾವಿ ಹೆಸರೂ ಇತ್ತೆಂದು ಸುದ್ದಿಯಾಯಿತು. ಅವರ ಸಂಬಳ ದುಬಾರಿಯೆಂದು ಬಿಟ್ಟರಂತೆ ಎಂಬ ಮಾತೂ ಬಂತು. ಎರಡು ದಿನ ಅಭಿಮಾನಿಗಳು ಇದನ್ನೇ ಹಿಡಿದು ಜಗಳವಾಡಿದರು. ಕೊನೆಗೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವೇ ಹೇಳಿತು: ಶಾವಿ ಮತ್ತು ಗ್ವಾರ್ಡಿಯೋಲಾ ಹೆಸರಿನ ಇಮೇಲ್‌ಗಳು ಅಸಲಿಯಲ್ಲ. ಹುಡುಗನೊಬ್ಬ ಮಾಡಿದ ಕೀಟಲೆ ಅದು. ಅಭಿಮಾನಿ ನಂಬಿದ್ದನ್ನು ನಾನು ತಪ್ಪೆನ್ನಲಾರೆ. ಅರ್ಜಿ ಹಾಕಿದವರು ನಿಜವಾಗಿ ಅವರೇನಾ ಎಂದು ಪರೀಕ್ಷಿಸುವ ಮೊದಲೇ ಸುದ್ದಿ ಹೊರಬಿಟ್ಟ ವ್ಯವಸ್ಥೆಯ ಮೇಲೆ ಆ ಸಿಟ್ಟು ತಿರುಗಬೇಕಿತ್ತು. ತಿರುಗಲಿಲ್ಲ, ಸುದ್ದಿ ಸುಳ್ಳೆಂದು ಗೊತ್ತಾದ ಕೂಡಲೇ ಚರ್ಚೆ ಮುಂದಿನ ಹೆಸರಿಗೆ ಹಾರಿತು.

ಆ ಮುಂದಿನ ಹೆಸರು ಖಾಲಿದ್ ಜಮೀಲ್. 2025ರ ಆಗಸ್ಟ್ 1ರಂದು ಅವರ ನೇಮಕವಾಯಿತು. ಸಾವಿಯೊ ಮೆಡೇರಾ ನಂತರ, ಹದಿಮೂರು ವರ್ಷಗಳ ಮೇಲೆ, ಭಾರತ ತಂಡಕ್ಕೆ ಭಾರತೀಯ ಮುಖ್ಯ ಕೋಚ್. ಇವರ ಕಥೆ ಮುಂಬೈಯದು, ಹೀಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈಗಿನ ಮುಂಬೈ ಸಿಟಿಗಿಂತ ಮೊದಲು ಈ ನಗರದಲ್ಲಿ ಮುಂಬೈ ಎಫ್‌ಸಿ ಎಂಬ ಬೇರೆ ಕ್ಲಬ್ ಇತ್ತು. ಐ-ಲೀಗ್ ಆಡುತ್ತಿತ್ತು, ಕೂಪರೇಜ್ ಅದರ ಮನೆ. ಖಾಲಿದ್ 2009ರಿಂದ 2016ರವರೆಗೆ ಅದರ ಕೋಚ್. ಕಡಿಮೆ ದುಡ್ಡು, ಬಿಗಿ ರಕ್ಷಣೆ, ನೋಡಲು ಅಂದವಿಲ್ಲದ ಆಟ. ಪ್ರತಿ ವರ್ಷ ತಂಡವನ್ನು ಕೆಳಗಿನ ದರ್ಜೆಗೆ ಬೀಳದಂತೆ ಉಳಿಸಿಕೊಂಡರು. ಚೆಂದದ ಆಟ ಬೇಕೆಂದು ಗೊಣಗುವವರಿಗೆ ಅದು ಸಾಧನೆಯಾಗಿ ಕಾಣಲೇ ಇಲ್ಲ. 2016ರಲ್ಲಿ ಅವರು ಹೊರಬಂದು ಮಿಜೋರಾಮ್‌ನ ಐಜ್ವಾಲ್ ಎಫ್‌ಸಿ ಸೇರಿದರು. 2016–17ರ ಐ-ಲೀಗ್ ಮುಗಿದಾಗ ಐಜ್ವಾಲ್ ಚಾಂಪಿಯನ್. ಅದೇ ಋತುವಿನಲ್ಲಿ, ನಡುವೆ ಕೋಚ್ ಬದಲಿಸಿಯೂ, ಮುಂಬೈ ಎಫ್‌ಸಿ ಕೆಳಗಿನ ದರ್ಜೆಗೆ ಇಳಿಯಿತು. ಆ ಕ್ಲಬ್ ಮತ್ತೆ ಏಳಲಿಲ್ಲ. ಖಾಲಿದ್‌ಗೆ ಐಎಸ್‌ಎಲ್‌ನಲ್ಲಿ ಪೂರ್ಣ ಪ್ರಮಾಣದ ಕೋಚ್ ಆಗಲು 2021ರವರೆಗೆ ಕಾಯಬೇಕಾಯಿತು. ಆ ಲೀಗ್‌ನಲ್ಲಿ ಅಂಥ ಹುದ್ದೆ ಪಡೆದ ಮೊದಲ ಭಾರತೀಯ ಅವರೇ.

ಇದನ್ನು ಹೇಳಿ "ನಮ್ಮವರಿಗೇ ಕೊಡಿ" ಎಂಬ ಗುಂಪಿಗೆ ಸೇರುವ ಉದ್ದೇಶ ನನಗಿಲ್ಲ. ಖಾಲಿದ್ ನೇತೃತ್ವದಲ್ಲಿ ಭಾರತ 2025ರ ಸೆಪ್ಟೆಂಬರ್‌ನಲ್ಲಿ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕಾಫಾ ಕಪ್‌ನಲ್ಲಿ ಮೂರನೆಯ ಸ್ಥಾನ ಪಡೆಯಿತು. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರಕ್ಕೆ 1–2ರಿಂದ ಸೋತು ಏಷ್ಯಾ ಕಪ್ ಅವಕಾಶ ಕಳೆದುಕೊಂಡಿತು. ಆಗಸ್ಟ್‌ನಲ್ಲಿ ಅವರನ್ನು ಹೊತ್ತು ಮೆರೆಸಿದವರೇ ಅಕ್ಟೋಬರ್‌ನಲ್ಲಿ ವಿದೇಶಿ ಕೋಚ್ ಬೇಕೆಂದರು. ಪಾಸ್‌ಪೋರ್ಟ್ ನೋಡಿ ಅಳೆಯುವ ಚರ್ಚೆ ಎರಡು ತಿಂಗಳೂ ನಿಲ್ಲುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ 2023ರ ಡಿಸೆಂಬರ್ 8ರ ಪಂದ್ಯಕ್ಕೆ ಮರಳಿ ಬರುತ್ತೇನೆ. ಹಂಗಾಮಿ ಕೋಚ್ ಇಟ್ಟುಕೊಂಡು ಮುಂಬೈ ಗೆದ್ದದ್ದು ಹೇಗೆ? 2019ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಒಡೆತನ ಹೊಂದಿರುವ ಸಿಟಿ ಫುಟ್‌ಬಾಲ್ ಗ್ರೂಪ್ ಈ ಕ್ಲಬ್‌ನ ಶೇ 65ರಷ್ಟು ಪಾಲು ಕೊಂಡಿತು. ಮೊದಲು ಬಂದವರು ಸರ್ಜಿಯೊ ಲೊಬೆರಾ. 2020–21ರಲ್ಲಿ ಲೀಗ್ ಶೀಲ್ಡ್, ಕಪ್ ಎರಡೂ ಮುಂಬೈಗೆ. ಅವರು ಹೋದ ಮೇಲೆ ಬಕಿಂಗ್‌ಹ್ಯಾಮ್. ಅವರ ನಂತರ ಪೀಟರ್ ಕ್ರಾಟ್ಕಿ. ಈ ಕೊನೆಯ ಇಬ್ಬರೂ ಅದೇ ಗುಂಪಿನ ಮೆಲ್ಬರ್ನ್ ಸಿಟಿಯಲ್ಲಿ ಸಹಾಯಕ ಕೋಚ್ ಆಗಿದ್ದವರು. ಇಲ್ಲಿನ ಅಭಿಮಾನಿಗಳಿಗೆ ಇಬ್ಬರ ಹೆಸರೂ ಹೊಸದು, ಇಬ್ಬರು ಬಂದಾಗಲೂ "ಯಾರಿವರು?" ಎಂಬ ಪ್ರಶ್ನೆ ಎದ್ದಿತು. ಆದರೆ ಚೆಂಡನ್ನು ಹಿಂದಿನಿಂದ ಕಟ್ಟಿಕೊಂಡು ಬರುವ, ಕಳೆದುಕೊಂಡ ತಕ್ಷಣ ಮುತ್ತಿಗೆ ಹಾಕುವ ಆಟ ಮೊದಲೇ ತೀರ್ಮಾನವಾಗಿತ್ತು. ಕೋಚ್ ಆ ಆಟಕ್ಕೆ ಹೊಂದುವವರಾಗಿರಬೇಕು, ಅಷ್ಟೇ. ಬಕಿಂಗ್‌ಹ್ಯಾಮ್ ಕಾಲದಲ್ಲಿ, 2022ರ ಏಪ್ರಿಲ್‌ನಲ್ಲಿ, ಮುಂಬೈ ಸಿಟಿ ಇರಾಕ್‌ನ ಏರ್ ಫೋರ್ಸ್ ಕ್ಲಬ್ಬನ್ನು 2–1ರಿಂದ ಮಣಿಸಿ, ಏಷ್ಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಕ್ಲಬ್ ಆಯಿತು. 2023ರ ನವೆಂಬರ್ 6ರಂದು ಅವರ ತಂಡ ನೆರೂಳಿನಲ್ಲೇ ಸೌದಿಯ ಅಲ್-ಹಿಲಾಲ್ ಎದುರು ಆಡಿ 0–2ರಿಂದ ಸೋತಿತು. ಹತ್ತೇ ದಿನಗಳಲ್ಲಿ ಅವರು ಆಕ್ಸ್‌ಫರ್ಡ್ ಪಾಲಾದರು. ಋತುವಿನ ನಡುವೆ ಬಂದ ಕ್ರಾಟ್ಕಿ 2024ರ ಮೇ 4ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ತಂಡವನ್ನು 3–1ರಿಂದ ಸೋಲಿಸಿ ಕಪ್ ತಂದರು.

ಬೆಂಗಳೂರಿನ ದಾರಿ ಬೇರೆ. ಆಶ್ಲಿ ವೆಸ್ಟ್‌ವುಡ್ ಎರಡು ಐ-ಲೀಗ್ ಗೆದ್ದುಕೊಟ್ಟರು. ಆಲ್ಬರ್ಟ್ ರೋಕಾ 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ರೋಕಾ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಮುಂದುವರಿದು 2019ರ ಮಾರ್ಚ್ 17ರಂದು, ಇಲ್ಲೇ ಅಂಧೇರಿಯಲ್ಲಿ, ಗೋವಾ ಎದುರು ಐಎಸ್‌ಎಲ್ ಗೆದ್ದರು. ಅಲ್ಲಿಯವರೆಗೆ ಒಂದು ಎಳೆ ಇತ್ತು. 2021ರ ಜನವರಿ 5ರಂದು ಮುಂಬೈ ಸಿಟಿಗೆ 1–3ರಿಂದ ಸೋತ ಮರುದಿನ ಕ್ವಾಡ್ರಾಟ್ ಹೋದರು. ಆಮೇಲೆ ಹಂಗಾಮಿಯಾಗಿ ನೌಷಾದ್ ಮೂಸಾ, ನಂತರ ಜರ್ಮನಿಯ ಮಾರ್ಕೊ ಪೆಜ್ಜಯೋಲಿ, ಆಮೇಲೆ ಇಂಗ್ಲೆಂಡಿನ ಗ್ರೇಸನ್, ಮತ್ತೆ ಸ್ಪೇನ್‌ನ ಜೆರಾರ್ಡ್ ಜರಗೋಜಾ. ಮೂರು ವರ್ಷದಲ್ಲಿ ಮೂರು ದೇಶ, ಮೂರು ಬಗೆಯ ಆಟ. ಗ್ರೇಸನ್ ಡುರಾಂಡ್ ಕಪ್ ಗೆದ್ದದ್ದು, ಐಎಸ್‌ಎಲ್ ಫೈನಲ್‌ವರೆಗೆ ಒಯ್ದದ್ದು ನಿಜ. ಆದರೆ ಪ್ರತಿ ಕೋಚ್ ಹೋದಾಗಲೂ ಅವರಿಗೆಂದೇ ಕೊಂಡ ಆಟಗಾರರು ಮುಂದಿನವರಿಗೆ ಹೊಂದದೆ ಉಳಿದರು. ಇದಕ್ಕೆ ಹೊಣೆ ಯಾರು? ಕೋಚ್‌ಗಳಂತೂ ಅಲ್ಲ, ಒಬ್ಬರನ್ನೊಬ್ಬರು ಆರಿಸಿದವರು ಅವರಲ್ಲ. ಗ್ರೇಸನ್ ಬೇಡ ಎಂದು ಕೂಗಿದ ಅಭಿಮಾನಿಗಳಲ್ಲಿ, ಜರ್ಮನ್ ಪದ್ಧತಿಯಿಂದ ಇಂಗ್ಲಿಷ್ ಪದ್ಧತಿಗೆ ಜಿಗಿಯಲು ತೀರ್ಮಾನಿಸಿದ್ದು ಯಾರು, ಏಕೆ ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ಕ್ಲಬ್ ಒಂದು ಸರಿಯಾದ ಕೆಲಸ ಮಾಡಿತು. ಜರಗೋಜಾ ಬಂದ ಋತುವಿನಲ್ಲಿ ಬೆಂಗಳೂರು ಹತ್ತನೆಯ ಸ್ಥಾನಕ್ಕೆ ಇಳಿದರೂ ಅವರನ್ನು ತೆಗೆಯಲಿಲ್ಲ. ಮುಂದಿನ ಋತುವಿನಲ್ಲಿ ಅದೇ ಕೋಚ್ ತಂಡವನ್ನು ಫೈನಲ್‌ಗೆ ಮುಟ್ಟಿಸಿದರು; ದಾರಿಯಲ್ಲಿ, 2025ರ ಮಾರ್ಚ್ 29ರಂದು, ಕಂಠೀರವದಲ್ಲಿ ಮುಂಬೈ ಸಿಟಿಯನ್ನು 5–0ರಿಂದ ಹೊರಗಟ್ಟಿದರು. ಆಗ ಮಹಾಪೆಯಲ್ಲಿ ಮುಂಬೈ ಅಭಿಮಾನಿಗಳ ಸರದಿ: "ಕ್ರಾಟ್ಕಿಯನ್ನು ಕಳಿಸಿ." ಆದರೆ ಹಿಂದಿನ ಬೇಸಿಗೆಯಲ್ಲಿ ಮುಂಬೈ ಬಿಟ್ಟ ಜಾರ್ಜ್ ಪೆರೇರಾ ಡಿಯಾಜ್, ಆಲ್ಬರ್ಟೊ ನೊಗೆರಾ, ರಾಹುಲ್ ಭೆಕೆ ಮೂವರೂ ಆಗ ಬೆಂಗಳೂರಿನವರು, ಅಪುಯಾ ಮೋಹನ್ ಬಾಗಾನ್‌ಗೆ ಹೋಗಿದ್ದರು. ಕಪ್ ಗೆದ್ದ ತಂಡದ ಬೆನ್ನೆಲುಬನ್ನು ಎದುರಾಳಿಗಳಿಗೆ ಬಿಟ್ಟುಕೊಟ್ಟ ನಿರ್ಧಾರ ಮೈದಾನದ ಅಂಚಿನಲ್ಲಿ ನಿಂತು ಕೂಗುವ ಮನುಷ್ಯನದಲ್ಲ. ಅದು ಕಚೇರಿಯ ನಿರ್ಧಾರ.

ಇನ್ನೂ ಮೇಲಿನ ಕಚೇರಿಗಳೂ ಇವೆ. ಐಎಸ್‌ಎಲ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ರಿಲಯನ್ಸ್ ಒಡೆತನದ ಸಂಸ್ಥೆ. ರಿಲಯನ್ಸ್‌ನ ದೊಡ್ಡ ಕಾರ್ಪೊರೇಟ್ ಪಾರ್ಕ್ ಮಹಾಪೆಯ ಮಗ್ಗುಲಲ್ಲೇ, ಘನ್ಸೋಲಿಯಲ್ಲಿದೆ. ಒಕ್ಕೂಟದ ಜೊತೆ 2010ರಲ್ಲಿ ಆದ ಹದಿನೈದು ವರ್ಷಗಳ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯಲಿತ್ತು. ನವೀಕರಣ ಆಗಲಿಲ್ಲವೆಂದು ಆ ವರ್ಷದ ಜುಲೈನಲ್ಲೇ ಹೊಸ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಡಿಸೆಂಬರ್‌ನಲ್ಲಿ ಸಿಟಿ ಗ್ರೂಪ್ ಮುಂಬೈ ಕ್ಲಬ್‌ನ ತನ್ನ ಪಾಲನ್ನು ಮೂಲ ಮಾಲೀಕರಿಗೆ ಬಿಟ್ಟು ಹೊರನಡೆಯಿತು. ಮೆಲ್ಬರ್ನ್‌ನಿಂದ ಕೋಚ್‌ಗಳನ್ನು ಕಳಿಸುತ್ತಿದ್ದ ಆ ಏರ್ಪಾಡೇ ಇಲ್ಲವಾಯಿತು. ಹತ್ತು ಕೋಚ್ ಬದಲಾವಣೆಗಳಿಗಿಂತ ದೊಡ್ಡ ಬದಲಾವಣೆ ಇದು; ಚಹಾ ಟಪರಿಯ ಮುಂದೆ ಅದಕ್ಕೆ ಸಿಕ್ಕ ಮಾತು ಒಂದು ಹೊಸ ಸ್ಟ್ರೈಕರ್‌ಗೆ ಸಿಗುವಷ್ಟೂ ಇರಲಿಲ್ಲ.

ಅಭಿಮಾನಿಗಳ ಮಾತಿಗೆ ಬೆಲೆಯಿಲ್ಲ, ಕೇಳಿ ಏನು ಪ್ರಯೋಜನ ಎನ್ನುವವರಿದ್ದಾರೆ. ಕೋಲ್ಕತ್ತ ನೋಡಿ. ಮೋಹನ್ ಬಾಗಾನ್ ಹೆಸರಿನ ಆರಂಭಕ್ಕೆ ಎಟಿಕೆ ಎಂಬ ಇನ್ನೊಂದು ಕ್ಲಬ್‌ನ ಹೆಸರು ಸೇರಿಸಿದ್ದನ್ನು ಅಲ್ಲಿನ ಅಭಿಮಾನಿಗಳು ಒಪ್ಪಲಿಲ್ಲ. ಗ್ಯಾಲರಿಯಲ್ಲಿ, ಬೀದಿಯಲ್ಲಿ ಮೂರು ವರ್ಷ ಒಂದೇ ಬೇಡಿಕೆ ಇಟ್ಟರು. 2023ರ ಮಾರ್ಚ್ 18ರಂದು ಬೆಂಗಳೂರನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಗೆದ್ದ ರಾತ್ರಿಯೇ ಮಾಲೀಕ ಸಂಜೀವ್ ಗೋಯೆಂಕಾ ಎಟಿಕೆ ತೆಗೆಯುವುದಾಗಿ ಘೋಷಿಸಿದರು. ಜರ್ಮನಿಯಲ್ಲಿ ಬಹುತೇಕ ಕ್ಲಬ್‌ಗಳ ಮತದಾನದ ಹಕ್ಕಿನ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ನಮ್ಮಲ್ಲಿ ನಾಳೆಯೇ ಅದು ಬರುತ್ತದೆಂದು ನಾನು ಹೇಳುವುದಿಲ್ಲ. ಆದರೆ ಕೋಲ್ಕತ್ತದವರು ಗೆದ್ದದ್ದು ಪ್ರಶ್ನೆಯನ್ನು ಮಾಲೀಕರಿಗೇ ನೇರವಾಗಿ ಕೇಳಿದ್ದರಿಂದ.

ಕಂಠೀರವದ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗದ ಗೆಳೆಯರಲ್ಲೂ ಅಂಧೇರಿಯ ವೆಸ್ಟ್ ಕೋಸ್ಟ್ ಬ್ರಿಗೇಡ್ ಗೆಳೆಯರಲ್ಲೂ ನನ್ನ ಕೋರಿಕೆ ಒಂದೇ. ಮುಂದಿನ ಸಲ ಕೋಚ್ ಹುದ್ದೆ ಖಾಲಿಯಾದಾಗ ಹೆಸರುಗಳ ಪಟ್ಟಿ ಮಾಡುವ ಮೊದಲು ಕ್ಲಬ್ಬಿಗೆ ಒಂದು ಪತ್ರ ಬರೆಯಿರಿ: ಈ ತಂಡ ಹೇಗೆ ಆಡಬೇಕೆಂದು ನೀವು ತೀರ್ಮಾನಿಸಿದ್ದೀರಿ, ಆಯ್ಕೆ ಮಾಡುವವರು ಯಾರು, ಹೊಸಬರಿಗೆ ಎಷ್ಟು ಕಾಲ ಕೊಡುತ್ತೀರಿ? ಉತ್ತರ ಬರುವವರೆಗೆ ಗ್ಯಾಲರಿಯಲ್ಲಿ ಅದನ್ನೇ ಬಟ್ಟೆಯ ಮೇಲೆ ಬರೆದು ಕಟ್ಟಿ.