ಕಾಣಿಕೆಯೂ ಕ್ಷಮೆಯೂ

ಧರ್ಮಗ್ರಂಥದ ಹಿರಿಮೆಯನ್ನು ಅದರ ಉಪದೇಶದ ಎತ್ತರದಿಂದ ಅಳೆಯುವುದು ವಾಡಿಕೆ. ಆದರೆ ಆ ಉಪದೇಶವು ಗೃಹಸ್ಥನ ದಿನಚರಿಗೆ ಎಷ್ಟರಮಟ್ಟಿಗೆ ಇಳಿಯಬಲ್ಲುದು ಎಂಬುದೇ ನಿಜವಾದ ಒರೆಗಲ್ಲು. ಶ್ರಾವಕಾಚಾರಗಳನ್ನು ಓದಿದ ಜೈನನಿಗೆ ಈ ಪ್ರಶ್ನೆ ಹೊಸತಲ್ಲ. ಅದನ್ನೇ ಯೇಸುಕ್ರಿಸ್ತನ ಉಪದೇಶಕ್ಕೂ ಹಾಕಿ ನೋಡುವುದು ಉಚಿತ. ಬೈಂದೂರಿನಿಂದ ಕುಂದಾಪುರದ ಮಾರ್ಗವಾಗಿ ಬ್ರಹ್ಮಾವರದವರೆಗಿನ ಕರಾವಳಿಯಲ್ಲಿ ಕ್ರೈಸ್ತರು ಬಹುಕಾಲದ ನೆರೆಹೊರೆಯವರು; ಬ್ರಹ್ಮಾವರದ ಇಗರ್ಜಿಗೂ ಬಾರಕೂರಿನ ಕತ್ತಲೆ ಬಸದಿಗೂ ನಡುವೆ ಹೆಚ್ಚು ದೂರವಿಲ್ಲ.

ಯೇಸುವಿನ ಪರ್ವತ ಪ್ರಸಂಗವು ಮತ್ತಾಯನ ಸುವಾರ್ತೆಯ 5ರಿಂದ 7ನೆಯ ಅಧ್ಯಾಯಗಳಲ್ಲಿದೆ. ಆಣೆಯಿಡದೆ ಹೌದನ್ನು ಹೌದೆನ್ನಬೇಕು, ದಾನವನ್ನು ಮೆರೆಸಬಾರದು, ಪರರನ್ನು ತಿದ್ದುವ ಮೊದಲು ತನ್ನನ್ನು ನೋಡಿಕೊಳ್ಳಬೇಕು ಎಂಬ ಅದರ ಮಾತುಗಳಿಗೆ ಜೈನನ ಆಕ್ಷೇಪವಿರಲಾರದು. ಭೇದವಿರುವುದು ಕ್ರಮದಲ್ಲಿ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ 5 ಅತಿಚಾರಗಳನ್ನು ಎಣಿಸುತ್ತದೆ: ಕಳವಿಗೆ ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ ಮಾಡುವುದು. ಅಂಗಡಿಯಲ್ಲಿ ಕುಳಿತವನಿಗೆ ಇಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಪರ್ವತ ಪ್ರಸಂಗದಲ್ಲಿ ಇಂತಹ ಪಟ್ಟಿಯಿಲ್ಲ. ಪಟ್ಟಿಯಿಲ್ಲದ ಉಪದೇಶವನ್ನು ಭಾನುವಾರ ಮೆಚ್ಚಿ ಸೋಮವಾರ ಮರೆಯುವುದು ಸುಲಭ. ಪಟ್ಟಿಯುಳ್ಳ ವ್ರತವನ್ನು ಲೆಕ್ಕ ಒಪ್ಪಿಸಿ ಮುಗಿಸಿಬಿಡುವುದೂ ಅಷ್ಟೇ ಸುಲಭ.

ಆದರೆ 5ನೆಯ ಅಧ್ಯಾಯದಲ್ಲಿ ಅತಿಚಾರದಷ್ಟೇ ಖಚಿತವಾದ ಒಂದು ವಿಧಿಯಿದೆ. ಒಬ್ಬನು ಬಲಿಪೀಠಕ್ಕೆ ಕಾಣಿಕೆ ತಂದಿರುತ್ತಾನೆ. ಸಹೋದರನಿಗೆ ತನ್ನ ಮೇಲೆ ಏನೋ ಅಸಮಾಧಾನವಿದೆಯೆಂದು ಅವನಿಗೆ ಅಲ್ಲಿ ನೆನಪಾಗುತ್ತದೆ. ಆಗ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು, ಮೊದಲು ಹೋಗಿ ಸಮಾಧಾನ ಮಾಡಿಕೊಂಡು, ಬಳಿಕ ಬಂದು ಅರ್ಪಿಸಬೇಕು. ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಕೇಳಿರುವುದು ತನಗಾದ ನೋವನ್ನಲ್ಲ, ತನ್ನಿಂದ ಇನ್ನೊಬ್ಬನಿಗಾದ ನೋವನ್ನು. ಬರತಕ್ಕ ಬಾಕಿ ಎಲ್ಲರಿಗೂ ಕಂಠಪಾಠ. ಕೊಡತಕ್ಕದ್ದನ್ನು ನೆನಪಿಸಲು ಖಾತೆಯ ಪುಸ್ತಕವೇ ಬೇಕು. ಎರಡನೆಯದು, ಪೂಜೆ ಮುಗಿಯಲೆಂದು ಕಾಯುವಂತಿಲ್ಲ. ದೇವರ ಕಾರ್ಯವೇ ನಡುವೆ ನಿಲ್ಲಬೇಕು. ಧಾರ್ಮಿಕನಿಗೆ ಇದಕ್ಕಿಂತ ಕಠಿಣವಾದ ಆಜ್ಞೆ ಬೇರೊಂದಿರಲಾರದು.

ಈ ಆಜ್ಞೆಯ ಪರೀಕ್ಷೆ ಬ್ರಹ್ಮಾವರದಲ್ಲಿಯೇ ನಡೆಯಿತು. 1886ರಲ್ಲಿ ಪೋರ್ತುಗಲ್ಲಿನ ಅರಸನಿಗೂ ಪೋಪ್ 13ನೆಯ ಲಿಯೋ ಅವರಿಗೂ ಒಪ್ಪಂದವಾಗಿ, ಗೋವೆಯ ಅಧೀನದಲ್ಲಿದ್ದ ಕನ್ನಡ ಕರಾವಳಿಯ ಇಗರ್ಜಿಗಳು ಮಂಗಳೂರಿನ ಆಡಳಿತಕ್ಕೆ ಸೇರಿದವು. ಗೋವೆಯ ಪಾದ್ರಿ ಆಲ್ವಾರಿಸ್ ಇದನ್ನು ಪ್ರತಿಭಟಿಸಿದರು. 1889ರಲ್ಲಿ ಕೊಟ್ಟಾಯಂನಲ್ಲಿ ಮಲಂಕರ ಸಿರಿಯನ್ ಸಭೆಯಿಂದ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪರಾದರು. ಬ್ರಹ್ಮಾವರದ ಅನೇಕ ಕುಟುಂಬಗಳು ಅವರನ್ನು ಹಿಂಬಾಲಿಸಿದವು. ಒಂದೇ ಕೊಂಕಣಿ ಮಾತಿನ, ಒಂದೇ ಬೇಸಾಯದ ಬಂಧುಗಳು ಎರಡು ಬಲಿಪೀಠಗಳಿಗೆ ಹಂಚಿಹೋದರು. ವಿವಾದವಿದ್ದುದು ಯೇಸುವಿನ ಉಪದೇಶದ ಬಗ್ಗೆಯಲ್ಲ, ಯಾರ ಅಧಿಕಾರವೆಂಬುದರ ಬಗ್ಗೆ. ಜನರನ್ನು ಕೇಳದೆ ದೂರದಲ್ಲಿ ಒಪ್ಪಂದ ಮಾಡಿದವರ ತಪ್ಪನ್ನು ಮರೆಮಾಚಲಾಗದು. ಆದರೆ ಕಾಣಿಕೆಯನ್ನು ಬಿಟ್ಟು ಮೊದಲು ಹೊರಡಬೇಕಾದವರು ಯಾರು ಎಂಬ ಪ್ರಶ್ನೆ ಎರಡೂ ಕಡೆಗೆ ಸಮನಾಗಿ ಅನ್ವಯಿಸುತ್ತದೆ.

ಅದೇ ಆಲ್ವಾರಿಸರ ನಿತ್ಯಜೀವನವಾದರೋ ಇನ್ನೊಂದು ಪಾಠವನ್ನು ಹೇಳುತ್ತದೆ. 1895ರಲ್ಲಿ ಗೋವೆಯ ಆಡಳಿತ ಅವರನ್ನು ಬಂಧಿಸಿ, ಬಿಷಪರ ಉಡುಪನ್ನು ಕಳಚಿಸಿ ಅವಮಾನಿಸಿತು. ಅವರು ಆ ಊರನ್ನು ಶಪಿಸಿ ತೊರೆಯಲಿಲ್ಲ. ಕಾಲರಾ ಚಿಕಿತ್ಸೆಯ ಬಗ್ಗೆ ಜನರಿಗಾಗಿ ಕಿರುಹೊತ್ತಗೆ ಬರೆದರು. ಪಣಜಿಯಲ್ಲಿ ಅನಾಥರಿಗೆ ಆಶ್ರಯವಿತ್ತು, ಅವರ ಅನ್ನಕ್ಕಾಗಿ ಅಂಗಡಿ ಅಂಗಡಿಗೆ ಭಿಕ್ಷೆಗೆ ಹೋದರು. 1923ರಲ್ಲಿ ಅಲ್ಲಿಯೇ ಬಡವರಾಗಿ ತೀರಿಕೊಂಡರು. ಅವರ ಸಂಗಡಿಗ ಪಾದ್ರಿ ನೊರೊನ್ಹಾ 1936ರಲ್ಲಿ ಮೃತರಾಗುವವರೆಗೆ ಬ್ರಹ್ಮಾವರದ ಜನರ ಸೇವೆಯಲ್ಲಿಯೇ ಇದ್ದರು. ಅವಮಾನಿಸಿದ ಊರಿನಲ್ಲಿಯೇ ಹಸಿದವರಿಗಾಗಿ ಕೈಯೊಡ್ಡುವುದು ಪರ್ವತ ಪ್ರಸಂಗದ ನಿಜವಾದ ವ್ಯಾಖ್ಯಾನ. ಅಧಿಕಾರದ ವಿವಾದದಲ್ಲಿ ಕಾಣದ ಯೇಸು ಆ ಭಿಕ್ಷಾಪಾತ್ರೆಯಲ್ಲಿ ಕಾಣುತ್ತಾನೆ.

ಇಷ್ಟನ್ನು ಓದಿ ಜೈನ ವಾಚಕನು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಮಹಾರಾಷ್ಟ್ರದ ಶಿರಪುರದ ಅಂತರಿಕ್ಷ ಪಾರ್ಶ್ವನಾಥ ಮಂದಿರಕ್ಕೆ ದಿಗಂಬರ ಶ್ವೇತಾಂಬರರ ವ್ಯಾಜ್ಯದಿಂದ 1981ರಲ್ಲಿ ಬೀಗ ಬಿತ್ತು. ಅದು ತೆರೆದದ್ದು 2023ರಲ್ಲಿ, ನ್ಯಾಯಾಲಯದ ಆದೇಶದ ಬಳಿಕ. ಆ 42 ವರ್ಷಗಳಲ್ಲಿಯೂ ಎರಡೂ ಕಡೆಯವರು ತಪ್ಪದೆ ಕ್ಷಮೆಯ ಪರ್ವವನ್ನು ಆಚರಿಸಿದರು. ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆ, ಕೊನೆಗೆ ಕ್ಷಮಾವಾಣಿ. ಸ್ನೇಹಿತರಿಗೆಲ್ಲ ಕ್ಷಮಾಪಣೆಯ ಪತ್ರ ಹೋಗುತ್ತದೆ. ಆಸ್ತಿಯ ದಾವೆ ಹೂಡಿದ ಅಣ್ಣನ ಮನೆಗೆ ಮಾತ್ರ ಹೋಗುವುದಿಲ್ಲ. ಸಕಲ ಜೀವರಾಶಿಯನ್ನು ಕ್ಷಮೆ ಕೇಳುವುದು ಸುಲಭ, ಏಕೆಂದರೆ ಅದರಲ್ಲಿ ಯಾರೊಬ್ಬರ ಹೆಸರೂ ಇಲ್ಲ.

ಯೇಸು ಹೆಸರನ್ನು ಕೇಳುತ್ತಾನೆ. ಉಮಾಸ್ವಾಮಿ ಕೃತ್ಯವನ್ನು ಕೇಳುತ್ತಾರೆ. ಗೃಹಸ್ಥನಿಗೆ ಎರಡೂ ಅಗತ್ಯ. ಯಾರಿಗೆ, ಯಾವ ಅಪರಾಧಕ್ಕಾಗಿ ಎಂಬುದಿಲ್ಲದ ಕ್ಷಮಾಪಣೆಯು ಹೆಸರೂ ಮೊತ್ತವೂ ಇಲ್ಲದ ರಸೀದಿಯಂತೆ. ಅದರಿಂದ ಯಾವ ಸಾಲವೂ ತೀರುವುದಿಲ್ಲ. ಅಭಿಷೇಕದ ಕಲಶವನ್ನು ಕೆಳಗಿಟ್ಟು ನೊಂದವನ ಬಾಗಿಲಿಗೆ ನಡೆಯುವ ಶ್ರಾವಕನು ಪೂಜೆಯನ್ನು ಕೆಡಿಸಿದಂತಾಗುವುದಿಲ್ಲ. ಅವನ ಪೂಜೆ ಅಲ್ಲಿಯೇ ಆರಂಭವಾಗುತ್ತದೆ.