ಮುಪ್ಪಿನ ಒಲವು, ರಂಗದ ನಗೆ

ಕನ್ನಡದ ಸಾಮಾಜಿಕ ನಾಟಕವು ಮೊದಲು ತೆರೆ ಸರಿಸಿದ್ದೇ ಮುದುಕನೊಬ್ಬನ ಮದುವೆಯ ಮೇಲೆ. ಹೊನ್ನಾವರದ ಸಮೀಪದ ಕರ್ಕಿಯವರಾದ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವು 1887ರಲ್ಲಿ ಪ್ರಕಟವಾಯಿತು. ಹವ್ಯಕರ ಆಡುಮಾತನ್ನು ಗ್ರಂಥಕ್ಕೆ ತಂದ ಆ ಕೃತಿಯ ವಸ್ತು ಕನ್ಯಾವಿಕ್ರಯ. ಹಣ ತೆರುವ ವರ, ಹಣಕ್ಕೆ ಕೈಯೊಡ್ಡುವ ತಂದೆ, ಇವರಿಬ್ಬರ ನಡುವೆ ಮಾತೇ ಇಲ್ಲದ ಮಗಳು: ಇಂತಹ ವ್ಯವಹಾರವನ್ನು ನಗೆಗೀಡುಮಾಡಿದ್ದು ಧರ್ಮಕಾರ್ಯವೇ ಆಗಿದ್ದಿತು. ಮರಾಠಿಯಲ್ಲಿ ದೇವಲರ ‘ಶಾರದಾ’ ನಾಟಕವು ಇದೇ ಅನ್ಯಾಯವನ್ನು ಎತ್ತಿಕೊಂಡದ್ದು 1899ರಲ್ಲಿ. ಈ ನಡುವೆ, 1894ರಲ್ಲಿ, ಮೈಸೂರು ಸಂಸ್ಥಾನವು ಬಾಲ್ಯವಿವಾಹ ತಡೆಯುವ ಕಾನೂನೊಂದನ್ನು ತಂದು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನು ನಿಷೇಧಿಸಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಸೀಮೆಗಳೆಲ್ಲವೂ ಆ ಕಾನೂನಿನ ಎಲ್ಲೆಯೊಳಗಿದ್ದವು. ಕಾನೂನು ಬೇಕಾಯಿತೆಂದ ಮೇಲೆ ಪ್ರಹಸನಕಾರನ ಸಿಟ್ಟು ಬರಿಯ ಕಲ್ಪನೆಯದಲ್ಲವೆಂದು ವಾಚಕರು ತಿಳಿಯಬಹುದು.

ಆದರೆ ಆ ನಗೆ ತನ್ನ ಕೆಲಸ ಮುಗಿಸಿಕೊಂಡು ನೇಪಥ್ಯಕ್ಕೆ ಹೋಗಲಿಲ್ಲ. ಹುಡುಗಿಯನ್ನು ಕೊಂಡವನ ಮೇಲೆ ಹುಟ್ಟಿದ ನಗೆ, ಮುಪ್ಪಿನಲ್ಲಿ ಸಂಗಾತ ಬಯಸಿದವರೆಲ್ಲರ ಮೇಲೂ ಹರಿಯತೊಡಗಿತು. ಉತ್ತರ ಕರ್ನಾಟಕದ ಕಂಪನಿ ನಾಟಕಗಳ ಕಾಲದಲ್ಲಿ ಪಿ. ಬಿ. ಧುತ್ತರಗಿಯವರು ‘ಮುದುಕನ ಮದುವೆ’ ಎಂದೇ ಒಂದು ನಾಟಕ ಬರೆದರು. ಆ ಹೆಸರನ್ನು ಕೇಳಿದೊಡನೆಯೇ ನಮ್ಮ ತುಟಿ ಅರಳುತ್ತದೆ. ಏಕೆ ಅರಳುತ್ತದೆ ಎಂಬುದೇ ವಿಚಾರಣೀಯ. ಇಂದು ಎಪ್ಪತ್ತರ ವಿಧುರನೂ ಅರವತ್ತೈದರ ವಿಧವೆಯೂ ಒಬ್ಬರನ್ನೊಬ್ಬರು ಮೆಚ್ಚುವ ಕಥೆಯನ್ನು ಕರಾಳ ಹಾಸ್ಯದ ಹೊಸ ನಾಟಕವಾಗಿ ಆಡಿಸಹೊರಟ ತಂಡವು ಮೊದಲು ಬಿಡಿಸಬೇಕಾದ ಗಂಟು ಇದು. ಇಲ್ಲಿ ಮಾರಾಟಕ್ಕೊಳಗಾದ ಹುಡುಗಿಯಿಲ್ಲ. ಹಾಗಾದರೆ ನಗುವುದು ಯಾರನ್ನು?

ನಮ್ಮ ಶ್ರಾವಕಾಚಾರಕ್ಕೆ ಈ ಪ್ರಶ್ನೆ ಹೊಸದಲ್ಲ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಅನರ್ಥದಂಡವ್ರತದ ಅತಿಚಾರಗಳನ್ನು ಹೇಳುವಾಗ ಮೊದಲಿಗೇ ಕಂದರ್ಪ, ಕೌತ್ಕುಚ್ಯ, ಮೌಖರ್ಯ ಎಂಬ ಮೂರನ್ನು ಎಣಿಸುತ್ತಾರೆ: ಕಾಮೋದ್ರೇಕದ ಪರಿಹಾಸ್ಯ, ಅದಕ್ಕೆ ಜೊತೆಯಾದ ಅಂಗವಿಕಾರ, ಹಿಡಿತವಿಲ್ಲದ ಬಾಯಿ. ನಾಟಕದ ತಾಲೀಮು ನೋಡಿದವರಿಗೆ ಇದಕ್ಕೆ ಭಾಷ್ಯ ಬೇಡ. ಇಪ್ಪತ್ತೈದರ ಹುಡುಗ ಹತ್ತಿಯ ಗಡ್ಡ ಅಂಟಿಸಿಕೊಂಡು, ಸೊಂಟ ಬಾಗಿಸಿ, ಕೆಮ್ಮಿ, ಕೋಲು ಜಾರಿಸಿ ಬೀಳುತ್ತಾನೆ, ಸಭೆ ನಗುತ್ತದೆ. ಆ ನಗೆಗೆ ಕಾರಣವಾದದ್ದು ಕಥೆಯಲ್ಲ, ಮಂಡಿನೋವು. ಮುಪ್ಪಿನ ದೇಹವನ್ನು ಹೀಗೆ ಆಡಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಹಿಂಸೆಯ ಒಂದು ಬಗೆಯೇ. ಹಾಸ್ಯವನ್ನೂ ಶಾಸ್ತ್ರವು ನೋಕಷಾಯಗಳಲ್ಲಿ ಸೇರಿಸಿದೆಯೆಂದ ಮಾತ್ರಕ್ಕೆ ನಗಲೇಬಾರದೆಂದು ಅರ್ಥಮಾಡುವವರೂ ಉಂಟು. ಆದರೆ ಅದೇ ಪಟ್ಟಿಯಲ್ಲಿ ಶೋಕವೂ ಇದೆ. ಅಳಿಸುವ ನಾಟಕಕ್ಕೆ ಅವರು ಎಂದೂ ಆಕ್ಷೇಪವೆತ್ತಿದ್ದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಇಳಿವಯಸ್ಸು ವೈರಾಗ್ಯಕ್ಕೆ ಮೀಸಲು, ಒಲವಿಗಲ್ಲ ಎಂಬುದು. ಜನ್ನನ ‘ಯಶೋಧರ ಚರಿತೆ’ಯಲ್ಲಿ ಯಶೌಘ ಮಹಾರಾಜನು ನರೆಗೂದಲನ್ನು ಕಂಡು ರಾಜ್ಯ ತೊರೆಯುತ್ತಾನೆ. ಪಂಪನ ‘ಆದಿಪುರಾಣ’ದಲ್ಲಿ ನರ್ತಿಸುತ್ತಿರುವಂತೆಯೇ ನೀಲಾಂಜನೆಯ ಆಯುಷ್ಯ ತೀರುತ್ತದೆ, ರಸಭಂಗವಾಗದಿರಲೆಂದು ಇಂದ್ರನು ಅವಳಂತೆಯೇ ಇರುವ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ, ಸಭೆಗೆ ತಿಳಿಯದ ಆ ವ್ಯತ್ಯಾಸ ವೃಷಭಸ್ವಾಮಿಯ ಕಣ್ಣಿಗೆ ಮಾತ್ರ ಬೀಳುತ್ತದೆ. 941ರಲ್ಲಿ ರಚಿತವಾದ ಆ ಕಾವ್ಯದ ಈ ಪ್ರಸಂಗಕ್ಕಿಂತ ಮಿಗಿಲಾದ ರಂಗವಿಮರ್ಶೆಯನ್ನು ನಾನು ಓದಿಲ್ಲ. ಇಂದ್ರನು ನೃತ್ಯವನ್ನು ಏರ್ಪಡಿಸಿದನೇ ಹೊರತು ವೈರಾಗ್ಯವನ್ನು ಆಜ್ಞಾಪಿಸಲಿಲ್ಲ. ಯಶೌಘನ ನರೆಯನ್ನೂ ಯಶೋಧರನು ತಂದೆಯ ತಲೆ ತಡಕಿ ತೋರಿಸಿದ್ದಲ್ಲ. ಕಂಡವನು ತಾನೇ ಕಂಡ, ಬಿಟ್ಟವನು ತಾನೇ ಬಿಟ್ಟ. ವಿಧವೆಯಾದ ತಾಯಿಗೆ ಮಕ್ಕಳು ಜಪಮಣಿ ಕೊಟ್ಟು ಒಳಕೋಣೆ ತೋರಿಸುವುದು ಆಕೆಯ ವೈರಾಗ್ಯವಲ್ಲ, ಅವರ ಅನುಕೂಲ. ಶ್ರಾವಕನ ಬ್ರಹ್ಮಚರ್ಯಾಣುವ್ರತವು ಸ್ವದಾರಸಂತೋಷದ ವ್ರತ. ಯೋಗ್ಯ ವಿವಾಹದಿಂದ ಅದಕ್ಕೆ ಭಂಗವಿಲ್ಲ.

ಮಕ್ಕಳ ಮಾತು ಬಂದಲ್ಲಿ ಕರಾಳ ಹಾಸ್ಯದ ನಿಜವಾದ ಗಣಿ ತೆರೆಯುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಉಯಿಲು ಬರೆಯದೆ ತೀರಿದವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೆ ಮಕ್ಕಳೊಡನೆ ಸಮಪಾಲು. ಆಕೆ ಇಪ್ಪತ್ತರಲ್ಲಿ ಮನೆ ತುಂಬಿದಳೋ ಅರವತ್ತರಲ್ಲೋ ಎಂದು ಕಾನೂನು ಕೇಳುವುದಿಲ್ಲ. ಆದ್ದರಿಂದ ಅಪ್ಪನ ಸಾವಿಗಿಂತ ಅಪ್ಪನ ಮದುವೆಗೆ ಹೆಚ್ಚು ಅಂಜುವ ಮಕ್ಕಳು ಹುಟ್ಟಿಕೊಳ್ಳುತ್ತಾರೆ. ‘ಈ ವಯಸ್ಸಿನಲ್ಲಿ ಮರ್ಯಾದೆ’ ಎಂದು ಆರಂಭವಾದ ಮಾತು ಪಹಣಿಯಲ್ಲಿ ಮುಗಿಯುತ್ತದೆ. ಆರೈಕೆಯ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಆರೈಕೆ ತಪ್ಪಿದಾಗ ಹಿಂಪಡೆಯಲು 2007ರ ಹಿರಿಯ ನಾಗರಿಕರ ಕಾಯಿದೆ ಅವಕಾಶವಿತ್ತಿತು. ಅಂತಹದೊಂದು ಕಾಯಿದೆ ಬೇಕಾದದ್ದೇ ಪ್ರಹಸನಕ್ಕೆ ಸಾಕಾದ ವಸ್ತು. ಇಲ್ಲಿ ಸಭೆ ಎಷ್ಟು ನಕ್ಕರೂ ನನಗೆ ತಕರಾರಿಲ್ಲ.

ನಗೆ ನಿಲ್ಲಬೇಕಾದ ಜಾಗವನ್ನು ಗಿರೀಶ ಕಾರ್ನಾಡರು 1961ರ ‘ಯಯಾತಿ’ಯಲ್ಲಿ ತೋರಿಸಿದ್ದಾರೆ. ಮಗನ ಯೌವನ ಪಡೆದ ತಂದೆಯ ಮುಂದೆ ಸೊಸೆ ಚಿತ್ರಲೇಖೆ ನಿಂತು ಪ್ರಶ್ನಿಸುತ್ತಾಳೆ, ಕೊನೆಗೆ ವಿಷ ಸೇವಿಸುತ್ತಾಳೆ. ಎಳೆಯರ ಬಾಳನ್ನು ನುಂಗುವ ಮುಪ್ಪಿನ ಆಸೆ ಬೇರೆ, ಯಾರದನ್ನೂ ಕಸಿಯದ ಸಂಗಾತ ಬೇರೆ. ಹೊಸ ನಾಟಕಕಾರನು ಇವೆರಡನ್ನೂ ಒಂದೇ ಗಡ್ಡದಡಿ ಕೂಡಿಸಿದರೆ ಅವನ ಕೃತಿ ಇಗ್ಗಪ್ಪನ ಪಡಿಯಚ್ಚು ಆದೀತು, ಅದೂ ಅವನಷ್ಟು ಕಾರಣವಿಲ್ಲದ ಪಡಿಯಚ್ಚು.

ಬಸದಿಯ ಆಡಳಿತ ಮಂಡಳಿಗಳು ತಮ್ಮ ಅಂಗಳವನ್ನು ಇಂತಹ ನಾಟಕಕ್ಕೆ ಕೊಡಬಹುದೇ? ಸಾಲಿಗ್ರಾಮ, ಹನಸೋಗೆ, ಗೊಮ್ಮಟಗಿರಿಗಳ ನಮ್ಮ ಈ ಸೀಮೆಯಲ್ಲಿ ಕೊಡಬಹುದೆಂದೇ ನನ್ನ ಅಭಿಪ್ರಾಯ. ಹಸ್ತಪ್ರತಿ ಓದಿ, ತಾಲೀಮನ್ನೂ ಒಮ್ಮೆ ನೋಡಿ ಕೊಡಲಿ. ಏಕೆಂದರೆ ಕಂದರ್ಪವು ಹಸ್ತಪ್ರತಿಯಲ್ಲಿರಬಹುದು, ಕೌತ್ಕುಚ್ಯವಿರುವುದು ನಟನ ಮೈಯಲ್ಲಿ.

ಎನ್. ಬೇಗೂರಿನಂತಹ ಕಾಡಂಚಿನ ಊರಿನಲ್ಲಿ ಆಡುವುದಾದರೆ ಇನ್ನೊಂದು ಸಂಗತಿಯಿದೆ. ನಗರದ ರಂಗಮಂದಿರದಲ್ಲಿ ಮುಪ್ಪು ರಂಗದ ಮೇಲಿರುತ್ತದೆ. ಹಳ್ಳಿಯಲ್ಲಿ ಅದು ಮುಂದಿನ ಚಾಪೆಯ ಮೇಲೂ ಕುಳಿತಿರುತ್ತದೆ. ‘ಊರು ಹೋಗೆನ್ನುತ್ತದೆ, ಕಾಡು ಬಾ ಎನ್ನುತ್ತದೆ’ ಎಂದು ತಮ್ಮನ್ನು ತಾವೇ ಅಂದುಕೊಳ್ಳುವ ಹಿರಿಯರು ಅಲ್ಲಿ ಮೊಮ್ಮಕ್ಕಳ ನಗೆಯನ್ನು ಬೆನ್ನಿನಿಂದ ಕೇಳುತ್ತಾರೆ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಕಟ್ಟುವಾಗ ಅರವತ್ತು ಸಮೀಪಿಸಿದವರೂ ಕಿರೀಟ ತೊಟ್ಟು ಹಾರ್ಮೋನಿಯಂ ಮೇಷ್ಟರ ಶ್ರುತಿಗೆ ಅರ್ಜುನನಾಗಿ ಹಾಡುವುದುಂಟು. ಅರ್ಜುನನಿಗೆ ಸುಕ್ಕು ಬಂದಿದೆಯೆಂದು ಯಾರೂ ನಗುವುದಿಲ್ಲ. ಹೊಸ ನಾಟಕದ ವಿಧುರನ ಪಾತ್ರವನ್ನು ಆ ನಟರಿಗೇ ಕೊಡಲಿ. ಹತ್ತಿಯ ಗಡ್ಡದ ಖರ್ಚೂ ಉಳಿಯುತ್ತದೆ.